ನಟ್ ಮೇಲಿನ ಕೆಂಪು ಗುರುತು

ಸೆಪ್ಟೆಂಬರ್ 18, 1986

ವಿಮಾನದ ದೊಡ್ಡ ಕೆಲಸವೆಲ್ಲ ಇಂದಿಗೆ ಮುಗಿಯಿತು. ರೆಕ್ಕೆಗಳಿಗೆ ಬಟ್ಟೆ ಬಿಗಿದು ಬಣ್ಣ ಹೊಡೆದಾಗಿದೆ, ಎಂಜಿನ್ ಕೂತಿದೆ. ಉಳಿದಿರುವುದು ಸಣ್ಣ ಕೆಲಸಗಳು. ತಂತಿಗಳ ಎಳೆತ, ಬಾಲದ ಜೋಡಣೆ, ಕೊನೆಯ ಬಿಗಿತ, ತೂಕ. ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದಷ್ಟು ಕಾಲವೂ ನಾನು ಕಂಡದ್ದು ಒಂದೇ: ವಿಮಾನವನ್ನು ಕೆಡಿಸುವುದು ಸಣ್ಣ ಕೆಲಸಗಳು. ಆದ್ದರಿಂದ ಇನ್ನು ಮುಂದೆ ಬರೆದಿಡುತ್ತೇನೆ.

ಶೆಡ್ಡು ಯಡಿಯೂರು ಕೆರೆಯ ಹಿಂದೆ, ಉಗ್ರಪ್ಪನವರ ಹಿತ್ತಲಲ್ಲಿದೆ. ಅವರ ತಂದೆಯ ಕಾಲದಲ್ಲಿ ಅಲ್ಲಿ ದನ ಕಟ್ಟುತ್ತಿದ್ದರಂತೆ. ಹೊಲವೆಲ್ಲ ಬಡಾವಣೆಯಾದ ಮೇಲೆ ಅವರಿಗೆ ಕೆಲವು ಬಾಡಿಗೆ ಮನೆಗಳೂ ಒಂದು ಟ್ರಾಕ್ಟರ್ ವರ್ಕ್‌ಶಾಪೂ ಉಳಿದಿವೆ. ಜಕ್ಕೂರಿನ ವಿಮಾನ ಮೈದಾನದಲ್ಲಿ ಹಾರಾಟ ಕಲಿತು ಲೈಸೆನ್ಸ್ ಪಡೆದವರು. ಬಿಡಿಭಾಗಗಳ ಮರದ ಪೆಟ್ಟಿಗೆಗಳನ್ನು ಹೊರದೇಶದಿಂದ ಮದರಾಸು ಬಂದರಿಗೆ ತರಿಸಿದವರು ಅವರು. ನಿವೃತ್ತನಾಗಿ ಜಯನಗರದ ಮನೆಯಲ್ಲಿ ಪತ್ರಿಕೆ ಓದಿಕೊಂಡಿದ್ದ ನನ್ನನ್ನು ಹುಡುಕಿಕೊಂಡು ಬಂದವರೂ ಅವರೇ. ವಿಮಾನಕ್ಕೆ ಸೀಟು ಒಂದೇ. ಹಾರಿಸುವವರು ಉಗ್ರಪ್ಪನವರು.

ಕ್ರಮ ಹೀಗೆ: ಅವರು ಬಿಗಿಯಬೇಕು, ನಾನು ಪರೀಕ್ಷಿಸಬೇಕು. ಬಿಗಿದವನೇ ಪರೀಕ್ಷಿಸಬಾರದು. ಸರಿಯಿದ್ದ ನಟ್ ಮೇಲೆ ನಾನು ಒಂದು ಕೆಂಪು ಗುರುತು ಹಾಕುತ್ತೇನೆ. ಅದಕ್ಕೆ ಉಗುರಿಗೆ ಹಚ್ಚುವ ಬಣ್ಣವೇ ಸಾಕು. ಫೋರ್ತ್ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ಒಂದು ಬಾಟಲಿ ಕೊಂಡೆ. "ಮದುವೆಯಾಗಿ ಇಷ್ಟು ವರ್ಷ ಆಯ್ತು, ನಂಗೊಂದು ತಂದ್ಕೊಟ್ಟಿದ್ದಿಲ್ಲ. ನಟ್ಟುಗಳಿಗೆ ಯೋಗ ಬಂತು ನೋಡಿ," ಎಂದಳು ಸತ್ಯಭಾಮಾ.

ಉಗ್ರಪ್ಪನವರು ಅದನ್ನು ಬೊಟ್ಟು ಎನ್ನುತ್ತಾರೆ. "ನೀವು ಬೊಟ್ಟಿಟ್ರೆ ಮುಗೀತು ರಾಮಯ್ಯನೋರೆ, ನಾನು ತಿರುಗಿ ನೋಡಲ್ಲ."

ಹಾಗಲ್ಲ, ಹತ್ತುವ ಮೊದಲು ಹಾರಿಸುವವನೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕು ಎಂದೆ.

"ನಿಮ್ಮನ್ನೂ ನಂಬ್ದೆ ಇದ್ರೆ ನಾನು ಮೇಲಕ್ಕೆ ಹೋಗೋದು ಹೆಂಗೆ ಸ್ವಾಮಿ?" ಎಂದು ನಕ್ಕು ಬೆನ್ನಿಗೊಂದು ಏಟು ಕೊಟ್ಟರು. ಅವರ ಕೈಯಲ್ಲಿ ಯಾವಾಗಲೂ ಗ್ರೀಸ್. ನನ್ನ ಯಾವ ಶರಟಿನ ಬೆನ್ನೂ ಅದರಿಂದ ಉಳಿದಿಲ್ಲ. ಸತ್ಯಭಾಮಾ ದಿನವೂ ಗೊಣಗಿಕೊಂಡು ತಿಕ್ಕುತ್ತಾಳೆ.

ಸೆಪ್ಟೆಂಬರ್ 27

ಎಂಜಿನ್ ಕೂರಿಸಿದ ಬೋಲ್ಟುಗಳನ್ನು ನೋಡಿ ಮುಗಿಸಿದೆ. ಉಗ್ರಪ್ಪನವರ ಹೆಂಡತಿ ಲಕ್ಷ್ಮಮ್ಮ ಕಾಫಿ ತಂದು ಬಾಗಿಲಲ್ಲೇ ನಿಂತರು. ಗಂಡ ಹಾರುವುದು ಆಕೆಗೆ ಇಷ್ಟವಿದ್ದಂತಿಲ್ಲ. ಶೆಡ್ಡಿನ ಒಳಗೆ ಬರುವುದು ಕಡಿಮೆ, ಬಾಗಿಲಲ್ಲಿ ನಿಂತು ನೋಡುವುದು ಜಾಸ್ತಿ.

"ಅಣ್ಣ, ಅದೇನು ಒಂದೊಂದಕ್ಕೂ ಹಚ್ತಾ ಇದೀರಾ?"

ಆಕೆಗೆ ವಿವರಿಸುತ್ತ ಕೂರಲು ಪುರಸತ್ತಿರಲಿಲ್ಲ. "ಇದು ಬಿದ್ದ ಮೇಲೇನೇ ಹಾರೋದು ಲಕ್ಷ್ಮಮ್ಮ. ಒಂದಕ್ಕೆ ಇಲ್ದೆ ಹೋದ್ರೂ ನಿಮ್ಮೆಜಮಾನ್ರನ್ನ ಕೂರಕ್ಕೆ ಬಿಡಲ್ಲ," ಎಂದೆ.

ಆಕೆ ಕೆಂಪು ಗುರುತುಗಳನ್ನು ನೋಡಿ, "ನೀವು ದೇವ್ರು ದಿಂಡ್ರು ನಂಬಲ್ಲ ಅಂತಾರೆ ಇವ್ರು. ಸುಳ್ಳು," ಎಂದು ಲೋಟ ತೆಗೆದುಕೊಂಡು ಹೋದರು. ಯಾಕೆ ಹಾಗೆಂದರೋ ತಿಳಿಯಲಿಲ್ಲ.

ಅಕ್ಟೋಬರ್ 9

ವಿಮಾನ ಇಲಾಖೆಯ ಪರೀಕ್ಷಕರು ನವೆಂಬರ್ 10ಕ್ಕೆ ಜಕ್ಕೂರಿಗೆ ಬರುತ್ತಾರೆ. ತಪ್ಪಿದರೆ ಬೇಸಿಗೆಯ ನಂತರವೇ. ಆ ಸುದ್ದಿ ಬಂದಾಗಿನಿಂದ ಉಗ್ರಪ್ಪನವರಿಗೆ ಅವಸರ ಹಿಡಿದಿದೆ. ಇವತ್ತು ಬಾಲದ ನಟ್‌ಗಳನ್ನೆಲ್ಲ ಒಂದೇ ಸಮನೆ ಬಿಗಿದುಬಿಟ್ಟರು.

"ಬೊಟ್ಟಿಟ್ಬಿಡಿ ಸ್ವಾಮಿ, ಹಬ್ಬಕ್ಕೆ ಮುಂಚೆ ಮುಗಿದೋಗ್ಲಿ."

ಬೆಳಕು ಸಾಲದು, ಹಬ್ಬ ಕಳೆಯಲಿ ಎಂದೆ.

"ನೀವು ಒಂದೊಂದು ನಟ್‌ಗೂ ಒಂದೊಂದು ಹಬ್ಬ ಮಾಡ್ತೀರ!"

ತಮಾಷೆಗೆ ಹೇಳಿದ್ದಿರಬಹುದು. ಆದರೆ ಅವಸರದವನು ತಮಾಷೆಯಾಗಿಯೇ ಮೊದಲು ಹೇಳುತ್ತಾನೆ. ಬಾಲದ ಒಂದು ನಟ್‌ಗೂ ಗುರುತು ಹಾಕದೆ ಬಂದೆ. ನಾಳೆಯಿಂದ ಆಯುಧಪೂಜೆಗೆ ಸಾಮಾನು ತೊಳೆದಿಡುತ್ತಾರೆ, ವಿಜಯದಶಮಿ ಕಳೆಯುವವರೆಗೆ ಸ್ಪ್ಯಾನರ್ ಮುಟ್ಟುವಂತಿಲ್ಲ. ಬೀಗದ ಕೈ ಎಂದಿನಂತೆ ಅವರ ಅಡುಗೆಮನೆಯ ಮೊಳೆಯಲ್ಲಿ ಇದೆ.

ಅಕ್ಟೋಬರ್ 14

ಇದನ್ನು ಆತುರಪಡದೆ ಬರೆಯಬೇಕು.

ಬೆಳಿಗ್ಗೆ ಶೆಡ್ ತೆಗೆದೆ. ಪೂಜೆ ಜೋರಾಗಿಯೇ ನಡೆದಿದೆ. ಎರಡು ಕಡೆ ಬಾಳೆಕಂದು, ಮೂತಿಯ ಪಂಖಕ್ಕೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಸ್ಪ್ಯಾನರ್, ಸುತ್ತಿಗೆ, ಏಣಿ, ಮುರಿದ ಸ್ಟೂಲು ಎಲ್ಲಕ್ಕೂ ಅರಿಶಿನ ಕುಂಕುಮ. ಅಷ್ಟನ್ನೂ ಒರೆಸಿಕೊಂಡು ಬಾಲದ ಹತ್ತಿರ ಹೋದೆ.

ಬಾಲದ ನಟ್‌ಗಳೆಲ್ಲದರ ಮೇಲೂ ಕೆಂಪು ಗುರುತು ಇತ್ತು.

ಕುಂಕುಮವೇನೋ ಎಂದು ಉಗುರಿನಿಂದ ಕೆರೆದು ನೋಡಿದೆ. ಅಲ್ಲ. ನನ್ನ ಬಾಟಲಿಯದೇ ಬಣ್ಣ, ಒಣಗಿ ಗಟ್ಟಿಯಾಗಿದೆ. ಕಿಟಕಿಯ ಮೇಲಿದ್ದ ಬಾಟಲಿಯ ಮಟ್ಟವೂ ಇಳಿದಿದೆ. ನಾನು ಹಾಕಿದ್ದಲ್ಲ. ಸ್ಪ್ಯಾನರ್ ಹಾಕಿ ನೋಡಿದರೆ ಒಂದು ನಟ್ ಸುಲಭವಾಗಿ ತಿರುಗಿತು, ಅವಸರದಲ್ಲಿ ಬಿಗಿದ ನಟ್ ತಿರುಗುವ ಹಾಗೆ.

ಪರೀಕ್ಷೆಯಾಗದೆ ಗುರುತು ಬಿದ್ದಿದೆ. ಇದರಿಂದ ಲಾಭ ಯಾರಿಗೆ? ಬೇಗ ಮುಗಿಸಬೇಕಾಗಿರುವವರಿಗೆ. ಬೀಗ ಒಡೆದಿಲ್ಲ. ಅಂದರೆ ಬೀಗದ ಕೈ ಇರುವವರೇ. ಕಾರ್ಖಾನೆಯಲ್ಲಿ ಇಂಥದ್ದನ್ನು ಎರಡು ಬಾರಿ ಹಿಡಿದಿದ್ದೇನೆ. ಎರಡು ಸಲವೂ ಮಾಡಿದವರು ಒಳ್ಳೆಯ ಕೆಲಸಗಾರರೇ.

ಉಗ್ರಪ್ಪನವರು ಹನ್ನೊಂದಕ್ಕೆ ಬಂದರು. ನಾನು ಏನೂ ಕೇಳಲಿಲ್ಲ. ಮೊದಲೇ ಕೇಳಿದರೆ ಉತ್ತರ ತಯಾರು ಮಾಡಿಕೊಳ್ಳುತ್ತಾರೆ.

ಅಕ್ಟೋಬರ್ 15

ಸುತ್ತಿ ಬಳಸಿ ಕೇಳಿದೆ. "ಬಾಲದ ಕೆಲಸ ಎಲ್ಲಿಗೆ ಬಂತು?"

"ಮುಗೀತಲ್ಲ. ನೀವೇ ಬೊಟ್ಟಿಟ್ಟಿದೀರ, ನನ್ನ ಕೇಳ್ತೀರ!"

ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲರೆಂದು ಜೊತೆಗೆ ಕೆಲಸ ಮಾಡಿದ ಹದಿನಾರು ತಿಂಗಳಲ್ಲಿ ನನಗೆ ತಿಳಿದಿರಲಿಲ್ಲ. ಬೆನ್ನು ತಟ್ಟಲು ಕೈ ಎತ್ತಿದಾಗ ಪಕ್ಕಕ್ಕೆ ಸರಿದೆ.

ಅಕ್ಟೋಬರ್ 20

ಬಾಲವನ್ನು ಒಬ್ಬನೇ ಪೂರ್ತಿ ಮತ್ತೆ ಬಿಗಿದು ನೋಡಿದೆ. ಉಗ್ರಪ್ಪನಿಗೆ ಹೇಳಲಿಲ್ಲ. ಈ ಸಲ ಬಿಗಿದವನೂ ಪರೀಕ್ಷಿಸಿದವನೂ ನಾನೇ. ಬೇರೆ ದಾರಿ ಇರಲಿಲ್ಲ.

ಹಳೆಯದನ್ನೆಲ್ಲ ಈಗ ಬೇರೆ ಬೆಳಕಿನಲ್ಲಿ ನೋಡುತ್ತಿದ್ದೇನೆ. ಅಂಟು ಒಣಗಲು ಒಂದು ದಿನ ಸಾಕು ಎಂದವನು ಯಾರು? ನಾನು ಊರಿಗೆ ಹೋಗಿದ್ದಾಗ ಚಕ್ರ ಕೂರಿಸಿದವನು ಯಾರು? "ನಿಮ್ಮನ್ನೂ ನಂಬ್ದೆ ಇದ್ರೆ" ಎಂಬ ಮಾತಿನ ಅರ್ಥವೇನು? ನಾಳೆ ಏನಾದರೂ ಆದರೆ, ರಾಮಯ್ಯನೋರೇ ಬೊಟ್ಟಿಟ್ಟಿದ್ದರು ಎಂದು ಹೇಳಲಿಕ್ಕೆ?

ಅಕ್ಟೋಬರ್ 23, ಗುರುವಾರ

ಖಚಿತ ಮಾಡಿಕೊಳ್ಳಲು ಒಂದೇ ಉಪಾಯ. ಬಾಲದಲ್ಲಿ ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಹಲಗೆಯಿದೆ. ಅದನ್ನು ಆಡಿಸುವ ಸಲಾಕೆಯನ್ನು ಒಂದೇ ಬೋಲ್ಟ್ ಹಿಡಿದಿರುತ್ತದೆ. ಅದು ಕಳಚಿದರೆ ಹಾರಿಸುವವನು ಎಷ್ಟು ಎಳೆದರೂ ವಿಮಾನಕ್ಕೆ ಗೊತ್ತಾಗುವುದಿಲ್ಲ. ಇವತ್ತು ಆ ಬೋಲ್ಟಿನ ಗುರುತು ಕೆರೆದು ತೆಗೆದು, ನಟ್ಟನ್ನು ಸಡಿಲಿಸಿದೆ. ನಟ್ ತಾನಾಗಿ ತಿರುಗದಂತೆ ತಡೆಯುವ ಪಿನ್ನನ್ನು ಮೊದಲೇ ಕಳಚಿ, ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಪಿನ್ ಇರುವುದು ಆಚೆ ಬದಿಗೆ, ಕನ್ನಡಿ ಹಿಡಿಯದೆ ಕಾಣುವುದಿಲ್ಲ. ಗುರುತಿಲ್ಲದಿರುವುದು ಮಾತ್ರ ಯಾರ ಕಣ್ಣಿಗೂ ಬೀಳುತ್ತದೆ. ಒಳಗೆ ಕೈ ಹಾಕುವ ಪುಟ್ಟ ಮುಚ್ಚಳವನ್ನು ತೆರೆದೇ ಬಿಟ್ಟು ಬಂದೆ.

ಪ್ರಾಮಾಣಿಕನಾದರೆ "ಇದೊಂದು ಬಿಟ್ಟಿದೀರಲ್ಲ" ಎಂದು ನನಗೆ ಹೇಳುತ್ತಾನೆ. ಅಲ್ಲದಿದ್ದರೆ ಗುರುತು ತಾನಾಗಿ ಬೀಳುತ್ತದೆ.

ಅಕ್ಟೋಬರ್ 24, ಶುಕ್ರವಾರ

ಸಂಜೆ ಐದಕ್ಕೆ ಹೋದೆ. ಹೊಸಿಲಿಗೆ ಅರಿಶಿನ ಬಳಿದು ರಂಗೋಲಿ ಹಾಕಿತ್ತು, ಶುಕ್ರವಾರದ ಪೂಜೆ. ನೇರ ಬಾಲದ ಹತ್ತಿರ ಹೋಗಿ ಬಗ್ಗಿ ನೋಡಿದೆ.

ಗುರುತು ಬಿದ್ದಿದೆ. ಮುಚ್ಚಳವನ್ನೂ ಹಾಕಿದ್ದಾರೆ.

ಆತ ಎಂಜಿನ್ ಹತ್ತಿರ ಏನೋ ಒರೆಸುತ್ತ ಹಾಡು ಗುನುಗುತ್ತಿದ್ದ. "ಏನ್ ಸ್ವಾಮಿ, ಬಾಲಕ್ಕೇ ಕಚ್ಕೊಂಡಿದೀರಾ?" ಎಂದ. ಏನಿಲ್ಲ ಎಂದೆ.

ಮನೆಗೆ ನಡೆದೇ ಬಂದೆ. ಬಹಳ ದಿನಗಳ ನಂತರ ಹೊಟ್ಟೆತುಂಬ ಊಟ ಮಾಡಿದೆ.

ಅಕ್ಟೋಬರ್ 25

ಪರೀಕ್ಷಕರ ಎದುರಿಗೇ ಹೇಳುವುದೆಂದು ನಿಶ್ಚಯಿಸಿದೆ. ಅಲ್ಲಿಯವರೆಗೆ ನಟ್ ಹಾಗೇ ಇರಲಿ. ಸಾಕ್ಷ್ಯ ಕದಲಿಸಬಾರದು. ಪಿನ್ ನನ್ನಲ್ಲಿದೆ.

ಅಕ್ಟೋಬರ್ 29

ಶೆಡ್ಡಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿಕಳಿಸಿದೆ. ಆತನ ಮುಖ ನೋಡಿಕೊಂಡು ಕೆಲಸ ಮಾಡುವುದು ನನ್ನಿಂದಾಗದು.

ಸತ್ಯಭಾಮಾ ಹಣೆ ಮುಟ್ಟಿ ನೋಡಿದಳು. "ಬಿಸೀನೇ ಇಲ್ವಲ್ರೀ."

"ಒಳಗಿದೆ."

"ಒಳಗಿನ ಜ್ವರಕ್ಕೆ ಬಾಯಿ ಬಿಡ್ಬೇಕು. ಉಗ್ರಪ್ಪನವರ ಹತ್ರ ಏನಾದ್ರೂ ಆಯ್ತಾ? ಒಂದು ಮಾತು ಕೇಳ್ಬಿಡಿ, ಮುಗ್ದೋಗತ್ತೆ."

ಕೇಳಿದರೆ ಎಚ್ಚರವಾಗುತ್ತಾನೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಯಾರಾದರೂ ಬಂದರೆ ನಿದ್ದೆಯಲ್ಲಿದ್ದಾರೆ ಎಂದುಬಿಡು ಎಂದೆ. ನನ್ನನ್ನೇ ಒಂದು ಕ್ಷಣ ದಿಟ್ಟಿಸಿದಳು. ಇವಳೂ ಲಕ್ಷ್ಮಮ್ಮನ ಕಡೆಯಿಂದ ಏನಾದರೂ ಕೇಳಿದ್ದಾಳೋ?

ನವೆಂಬರ್ 3

ದೀಪಾವಳಿ. ಪಟಾಕಿ ಸದ್ದು. ಪತ್ರಿಕೆಯ ಒಳಪುಟದಲ್ಲಿ ಎಲ್ಲೋ ಸಣ್ಣ ವಿಮಾನವೊಂದು ಬಿದ್ದ ಸುದ್ದಿ, ನಾಲ್ಕು ಸಾಲು. ಕಾರಣ ತಿಳಿದುಬಂದಿಲ್ಲ. ಕಾರಣ ಯಾವಾಗಲೂ ಇರುತ್ತದೆ, ಹುಡುಕುವವರಿರುವುದಿಲ್ಲ.

ನವೆಂಬರ್ 5

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಬೆಳಿಗ್ಗೆ ಸತ್ಯಭಾಮಾ ತಟ್ಟೆಯಲ್ಲಿ ಕಜ್ಜಾಯ ಇಟ್ಟಳು. ನಮ್ಮ ಮನೆಯಲ್ಲಿ ಮಾಡಿದ್ದಲ್ಲ. ಯಾರದೆಂದು ಕೇಳಿದೆ.

"ನಿನ್ನೆ ಲಕ್ಷ್ಮಮ್ಮ ತಂದ್ಕೊಟ್ರು. ಎಬ್ಬಿಸ್ಬೇಡ ಅಂದಿದ್ರಲ್ಲ, ಎಬ್ಬಿಸ್ಲಿಲ್ಲ. ಇವತ್ತು ವಿಮಾನ ಓಡಿಸಿ ನೋಡ್ತಾರಂತೆ, ಕುಮಾರಸ್ವಾಮಿ ಲೇಔಟ್ ಆಚೆ ಹೊಸ ರಸ್ತೇಲಿ. ಹಾರ್ಸಲ್ವಂತೆ, ಬರೀ ನೆಲದ ಮೇಲೆ. ರಾಮಯ್ಯಣ್ಣ ಇಲ್ದೆ ಮನಸ್ಸೇ ಇಲ್ಲ, ಆದ್ರೆ ಹತ್ತನೇ ತಾರೀಖು ಬಂದ್ಬಿಡ್ತಲ್ಲ ಅಂತಿದ್ರು."

ಆ ವಿಮಾನ ಹಗುರ. ವೇಗವಾಗಿ ಓಡಿಸಿದರೆ ಎದುರು ಗಾಳಿಗೆ ತಾನಾಗಿಯೇ ಎದ್ದುಬಿಡುತ್ತದೆ. ಎದ್ದ ಮೇಲೆ ಇಳಿಸಲು ಬಾಲದ ಹಲಗೆ ಬೇಕು. ಬಾಲದ ಹಲಗೆಯ ಪಿನ್ ಗೂಟಕ್ಕೆ ನೇತುಹಾಕಿದ್ದ ನನ್ನ ಶರಟಿನ ಜೇಬಿನಲ್ಲಿತ್ತು.

ಆ ಶರಟನ್ನೇ ಸಿಕ್ಕಿಸಿಕೊಂಡು ಆಟೊ ಹಿಡಿದೆ. ಚಪ್ಪಲಿ ಹಾಕಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. "ಎಲ್ಲಿಗ್ ಸಾರ್, ಆಸ್ಪತ್ರೆಗಾ?" ಎಂದ ಆಟೊದವನು. ಲೇಔಟಿನ ಮನೆಗಳು ಮುಗಿದು ಬರಿಯ ಕೆಂಪು ಮಣ್ಣು, ಸೈಟಿನ ಕಲ್ಲುಗಳು. ಕಂಬ ನೆಡದ ನೇರ ರಸ್ತೆ. ಎಂಜಿನ್ ಸದ್ದು ದೂರಕ್ಕೇ ಕೇಳಿಸಿತು. ಒಂದು ಸುತ್ತು ಓಡಿಸಿ, ಆ ತುದಿಯಲ್ಲಿ ತಿರುಗಿಸಿಕೊಂಡು ನಿಂತಿದ್ದರು. ನನ್ನ ಕಣ್ಣೆದುರಿಗೇ ಸದ್ದು ಏರಿತು, ವಿಮಾನ ಹೊರಟಿತು.

ರಸ್ತೆಯ ನಡುವೆ ಓಡಿ ಎರಡೂ ಕೈ ಎತ್ತಿ ನಿಂತೆ. ಮೂತಿಯ ಪಂಖ ನೇರ ನನ್ನ ಕಡೆಗೆ ಬರುತ್ತಿತ್ತು. ಮಣ್ಣು ಕಣ್ಣಿಗೆ ಹೊಡೆಯಿತು. ನಾನು ಸರಿಯಲಿಲ್ಲ. ಸದ್ದು ನಿಂತಾಗ ಪಂಖದ ಮೇಲಿದ್ದ ಕುಂಕುಮ ಕಾಣುವಷ್ಟು ಹತ್ತಿರದಲ್ಲಿತ್ತು.

"ಏನ್ರೀ ಇದು! ಸಾಯಕ್ ಬಂದಿದೀರಾ? ಜ್ವರ ಅಂದ್ರಲ್ಲ!" ಉಗ್ರಪ್ಪನವರು ಹೆಲ್ಮೆಟ್ ಕಿತ್ತು ಹಾರಿಯೇ ಇಳಿದರು.

ನೇರ ಬಾಲಕ್ಕೆ ಹೋಗಿ ಮುಚ್ಚಳ ತೆಗೆದು ಕೈ ಹಾಕಿದೆ. ನಟ್ ಇನ್ನೂ ಇತ್ತು, ಬೋಲ್ಟಿನ ಕೊನೆಯ ಒಂದೆರಡು ಸುತ್ತಿನ ಮೇಲೆ. ಬೆರಳಿನಿಂದಲೇ ತಿರುಗಿ ಅಂಗೈಗೆ ಬಿತ್ತು.

ಅವರು ಅದನ್ನು ನೋಡಿದರು. ನಿಂತಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಬೊಟ್ಟಿತ್ತಲ್ಲ ರಾಮಯ್ಯನೋರೆ. ನಿಮ್ಮ ಬೊಟ್ಟು ನೋಡ್ಕೊಂಡೇ ಕೂತಿದ್ದು ನಾನು."

"ಅದು ನನ್ನದಲ್ಲ. ನೀವು ಇಟ್ಟದ್ದು."

"ನಾನ್ಯಾಕ್ರೀ ಇಡ್ಲಿ? ನಂಗೇನು ತಲೆ ಕೆಟ್ಟಿದೆಯಾ? ಕೂರೋನು ನಾನು!"

ಅಷ್ಟರಲ್ಲಿ ಲಕ್ಷ್ಮಮ್ಮ ಓಡಿ ಬಂದರು. ಕೈಯಲ್ಲಿ ಆರತಿ ತಟ್ಟೆ. ಎಲೆ ಅಡಿಕೆ, ಕರ್ಪೂರದ ಪಕ್ಕದಲ್ಲಿ ನನ್ನ ಬಾಟಲಿ.

"ನಾನಿಟ್ಟಿದ್ದು ಅಣ್ಣ. ಏನಾಯ್ತು, ತಪ್ಪಾಯ್ತಾ? ಆಯುಧಪೂಜೆ ದಿನ ಎಲ್ಲಾದಕ್ಕೂ ಅರಿಶಿನ ಕುಂಕುಮ ಇಟ್ಟೆ. ಬಾಲದಲ್ಲಿ ಇವಕ್ಕೆ ಮಾತ್ರ ನಿಮ್ಮ ಬೊಟ್ಟು ಬಿದ್ದಿರ್ಲಿಲ್ಲ. ಒಂದು ಬಿಟ್ರೂ ಕೂರಕ್ ಬಿಡಲ್ಲ ಅಂದಿದ್ರಿ. ಅವನ್ನ ಮಾತ್ರ ಬೋಳಾಗಿ ಬಿಡಕ್ಕಾಗುತ್ತಾ, ಅದೂ ಪೂಜೆ ದಿನ? ಬರೀ ಕುಂಕುಮ ಗಾಳಿಗೆ ಹಾರೋಗುತ್ತೆ ಅಂತಲೇ ನೀವು ಇದನ್ನ ಹಚ್ತಿದ್ದೀರ ಅಂದ್ಕೊಂಡೆ. ಆಮೇಲೆ ಒಂದು ಶುಕ್ರವಾರ ನೋಡ್ತೀನಿ, ಒಂದರದ್ದು ಅಳಿಸೋಗಿತ್ತು. ಅಣ್ಣಮ್ಮ ದೇವೀನ ನೆನೆಸ್ಕೊಂಡು ಅದಕ್ಕೂ ಇಟ್ಟು ಮುಚ್ಚಳ ಹಾಕ್ದೆ."

ನಟ್ಟನ್ನು ಹಿಂದಕ್ಕೆ ಹಾಕಬೇಕಾಗಿತ್ತು. ಅವರ ಸ್ಪ್ಯಾನರ್ ತೆಗೆದುಕೊಂಡು ಬಿಗಿದೆ. ಆಮೇಲೆ ಜೇಬಿನಿಂದ ಕಾಗದದ ಪೊಟ್ಟಣ ತೆಗೆದೆ, ಬಿಚ್ಚಿದೆ, ಪಿನ್ ಹಾಕಿದೆ.

"ಅದು ನಿಮ್ಮ ಜೇಬಲ್ಲಿ ಹೆಂಗ್ ಬಂತು?" ಎಂದರು ಉಗ್ರಪ್ಪನವರು.

"ಪರೀಕ್ಷೆಗೆ ಅಂತ ತೆಗೆದಿದ್ದೆ."

"ಯಾರನ್ನ ಪರೀಕ್ಷೆ ಮಾಡಕ್ಕೆ?"

ನಾನು ಮುಚ್ಚಳ ಹಾಕಿದೆ. ಲಕ್ಷ್ಮಮ್ಮ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿ, ತಟ್ಟೆಯಲ್ಲಿದ್ದ ಬಾಟಲಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು. ವಿಮಾನವನ್ನು ಮತ್ತೆ ಟ್ರೇಲರಿಗೆ ಏರಿಸಿದರು. ಟ್ರಾಕ್ಟರಿನಲ್ಲಿ ಮೂವರು ಕೂರುವಷ್ಟು ಜಾಗವಿತ್ತು. ನಾನು ಹಿಂದೆ ನಡೆದುಕೊಂಡು ಬಂದೆ.

ನವೆಂಬರ್ 7

ಶೆಡ್ಡಿಗೆ ಹೋದೆ. ಅಡುಗೆಮನೆಯ ಮೊಳೆಯಲ್ಲಿ ಬೀಗದ ಕೈ ಇರಲಿಲ್ಲ. ಉಗ್ರಪ್ಪನವರು ತಮ್ಮ ಜೇಬಿನಿಂದ ತೆಗೆದುಕೊಟ್ಟರು. ಎಲ್ಲ ಗುರುತುಗಳನ್ನೂ ಕೆರೆದು, ಮೊದಲಿನಿಂದ ಮತ್ತೆ ಪರೀಕ್ಷಿಸಿದೆ. ಅವರು ಬಿಗಿದರು, ನಾನು ನೋಡಿದೆ. ಕ್ಷಮೆ ಕೇಳಬೇಕೆಂದು ಎರಡು ಸಲ ತಲೆ ಎತ್ತಿದೆ. ಎರಡು ಸಲವೂ "ಮುಂದಿನದು" ಎಂದರು.

ಲಕ್ಷ್ಮಮ್ಮ ಕಾಫಿ ತಂದರು. ಬಾಗಿಲಲ್ಲಿ ನಿಲ್ಲಲಿಲ್ಲ.

ನವೆಂಬರ್ 10

ಜಕ್ಕೂರು. ಗಾಳಿ ಕಡಿಮೆ, ಆಕಾಶ ಶುಭ್ರ. ಪರೀಕ್ಷಕರು ತೂಕದ ಲೆಕ್ಕ ನೋಡಿದರು, ಎಂಜಿನ್ ಸದ್ದು ಕೇಳಿದರು, ಒಪ್ಪಿದರು. ಹತ್ತುವ ಮೊದಲು ಉಗ್ರಪ್ಪನವರು ಸ್ಪ್ಯಾನರ್ ತೆಗೆದುಕೊಂಡು ಮೂತಿಯಿಂದ ಬಾಲದವರೆಗೆ ಗುರುತಿದ್ದ ಪ್ರತಿ ನಟ್ಟನ್ನೂ ಮುಟ್ಟಿ ನೋಡಿದರು. ಬಾಲದಲ್ಲಿ ಲಕ್ಷ್ಮಮ್ಮನವರ ಚಿಕ್ಕ ಕನ್ನಡಿ ಹಿಡಿದು ಪಿನ್ ನೋಡಿದರು.

"ಇವರು ನೋಡಿಲ್ವಾ?" ಎಂದು ಪರೀಕ್ಷಕರು ನನ್ನತ್ತ ಕೈ ತೋರಿಸಿದರು.

"ನೋಡಿದಾರೆ ಸಾರ್. ನಾನೂ ಒಂದ್ಸಲ ನೋಡ್ತೀನಿ."

ಕ್ರಮ ಅದೇ. ಮೊದಲ ದಿನವೇ ನಾನು ಹೇಳಿದ್ದೆ. ಅವರು ಮುಗಿಸುವವರೆಗೆ ಪಕ್ಕದಲ್ಲಿ ನಿಂತು ಕಾದೆ.

ವಿಮಾನ ಅರ್ಧ ದಾರಿಯಲ್ಲೇ ನೆಲ ಬಿಟ್ಟಿತು. ಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡೇ, "ಅಣ್ಣ, ಹೋಯ್ತಾ?" ಎಂದರು. ಹೋಯ್ತು ಎಂದೆ. ಮೈದಾನದ ಮೇಲೆ ಎರಡು ಸುತ್ತು. ತಿರುಗುವಾಗ ಬಾಲದ ಹಲಗೆ ಆಡುವುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಬೇರೆ ಏನನ್ನೂ ನಾನು ನೋಡಲಿಲ್ಲ. ಹೂವು ಇಟ್ಟಂತೆ ಇಳಿಸಿದರು.

ಪರೀಕ್ಷಕರು ಅಭಿನಂದಿಸಿದರು. ಟ್ರಾಕ್ಟರಿನಲ್ಲಿ ವಿಮಾನ ಎಳೆದು ತಂದಿದ್ದ ಬೋರಣ್ಣ ಉಗ್ರಪ್ಪನವರನ್ನು ಎತ್ತಿಯೇಬಿಟ್ಟ. ಅವರು ಎಲ್ಲರ ಹತ್ತಿರವೂ ಬಂದರು, ನನ್ನ ಹತ್ತಿರವೂ. ಕೈಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಂಡು ಮುಂದೆ ಚಾಚಿದರು. ಕುಲುಕಿದೆ. "ತೊಂದ್ರೆ ತಗೊಂಡ್ರಿ," ಎಂದರು.

ಮನೆಗೆ ಬಂದು ಶರಟು ಬಿಚ್ಚಿ ಕೊಟ್ಟೆ. ಸತ್ಯಭಾಮಾ ಒಗೆಯುವ ಕಲ್ಲಿನ ಹತ್ತಿರ ಅದರ ಬೆನ್ನು ತಿರುಗಿಸಿ ನೋಡಿದಳು, ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು.

"ಇವತ್ತು ಗ್ರೀಸೇ ಇಲ್ವಲ್ರೀ," ಎಂದಳು.